ಬೆನ್ನು ಬಲ್ಲ ಹಕ್ಕಿಗಳು

ಏಪ್ರನ್ನಿಗೆ ಯಾರಾದರೂ ಐದು ಸಲ ಆಲ್ಟರೇಶನ್ ಮಾಡಿಸುತ್ತಾರೆಯೇ? ಬೇಕರಿಯವನು ಮಾಡಿಸಿದ, ಅದೂ ಪ್ರತಿ ಸಲ ರೈಲು ಹತ್ತಿ ಬಂದು. ಒಮ್ಮೆ ಉದ್ದ ಹೆಚ್ಚಾಯಿತು ಅಂದ, ಒಮ್ಮೆ ಗಿಡ್ಡವಾಯಿತು ಅಂದ, ಮೂರನೇ ಸಲ ಜೇಬು ಎಡಗಡೆ ಬೇಕು ಅಂದ, ನಾಲ್ಕನೇ ಸಲ ಬಲಗಡೆಯೇ ಇರಲಿ ಅಂದ. ಐದನೇ ಸಲ ಏನಂದನೋ ದರ್ಜಿಗೆ ಗೊತ್ತಿಲ್ಲ, ಯಾಕೆಂದರೆ ಆ ಮಾತು ಆಡಿದ್ದು ದರ್ಜಿಯ ಹತ್ತಿರ ಅಲ್ಲ, ದರ್ಜಿಯ ತಂಗಿಯ ಹತ್ತಿರ. ದರ್ಜಿ ಎಂದಿನಂತೆ ಗೋಡೆಗೆ ಮುಖ ಮಾಡಿ ಮೆಷಿನ್ ತುಳಿಯುತ್ತಿದ್ದ. ಅವನ ಬೆನ್ನ ಹಿಂದೆ, ಮೂರು ಮಾರು ದೂರದಲ್ಲಿ, ಒಂದು ಮದುವೆ ಕುದುರಿತು. ಪುಣ್ಯಾತ್ಮನಿಗೆ ಬಾಬಿನ್ನಿನಲ್ಲಿ ದಾರ ಮುಗಿದದ್ದಷ್ಟೇ ಗೊತ್ತಾಯಿತು.

ಹಾಗೆ ನಲವತ್ತಾರು ವರ್ಷದ ತಂಗಿ ಬೇಕರಿಯವನನ್ನು ಮದುವೆಯಾಗಿ, ರೈಲಿನಲ್ಲಿ ಮೂರು ಗಂಟೆ ದೂರದ ಅವನ ಊರಿಗೆ ಹೊರಟಳು. ದರ್ಜಿಗೆ ಕೋಪವೇನೂ ಬರಲಿಲ್ಲ. ಬೇಕರಿಯವನು ಬಂಗಾರದಂಥ ಮನುಷ್ಯ. ತಂಗಿಯ ಮದುವೆ ಬಟ್ಟೆ ದರ್ಜಿಯೇ ಹೊಲಿದ, ಪೆಟ್ಟಿಗೆಯನ್ನೂ ತಾನೇ ಹೊತ್ತು ಸ್ಟೇಷನ್ನಿಗೆ ಬಂದ. ರೈಲು ಹೊರಡುವ ಮುಂಚೆ ಅವಳು ಕಿಟಕಿಯಿಂದ ಅವನ ತೋಳು ಹಿಡಿದು ಹೇಳಿದಳು:

"ಅಣ್ಣಾ, ನಿನ್ನ ಹತ್ರ ಬೇರೇನೂ ಕೇಳಲ್ಲ. ಹಿತ್ತಲಿಗೆ ಬರೋ ಹಕ್ಕಿಗಳಿಗೆ ದಿನಾ ನಾಲ್ಕು ಗಂಟೆಗೆ ಒಂದು ಹಿಡಿ ಕಾಳು ಹಾಕು. ಅಷ್ಟು ಸಾಕು."

"ಹೂಂ," ಅಂದ ದರ್ಜಿ.

ಈ 'ಹೂಂ' ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಇವರ ಮನೆಯ ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಹೊಲಿಗೆಯ ಜಾಗ. ಹಿಂದಿನ ಕೋಣೆಯ ಬಾಗಿಲು ತೆರೆದರೆ ಹಿತ್ತಲು. ಬೆಳಕು ಬೆನ್ನ ಕಡೆಯಿಂದ ಬಂದು, ಎಡ ಭುಜ ದಾಟಿ, ಸೂಜಿಯ ಮೇಲೆ ಬೀಳಬೇಕು ಅಂತ ದರ್ಜಿಗೆ ಕೆಲಸ ಕಲಿಸಿದ ಗುರು ಹೇಳಿದ್ದ. ಗುರು ಹೇಳಿದ್ದನ್ನು ದರ್ಜಿ ಕಲ್ಲಿನಲ್ಲಿ ಕೊರೆದ ಹಾಗೆ ಇಟ್ಟುಕೊಂಡಿದ್ದ. ಹಾಗಾಗಿ ಮೆಷಿನ್ ಗೋಡೆಗೆ ಮುಖ, ದರ್ಜಿಯ ಬೆನ್ನು ಹಿತ್ತಲಿಗೆ. ಬಾಗಿಲ ಪಕ್ಕ ಒಂದು ಗಿಡ್ಡ ಸ್ಟೂಲು. ಅಮ್ಮ ತೀರಿಕೊಂಡ ಮೇಲೆ ತಂಗಿ ಆ ಸ್ಟೂಲಿನ ಮೇಲೆ ಕೂತು ಇಪ್ಪತ್ತೆರಡು ವರ್ಷ ಗುಂಡಿ ತೂರುವ ಕಾಜಾ ಹೊಡೆದಳು, ಗುಂಡಿ ಹಚ್ಚಿದಳು. ನಾಲ್ಕು ಗಂಟೆಗೆ ಎದ್ದು, ಹಿತ್ತಲ ಗೋಡೆಯ ಮೇಲಿಟ್ಟಿದ್ದ ಹಳೇ ಇಸ್ತ್ರಿ ಮಣೆಯ ಮೇಲೆ ಕಾಳು ಹರವಿ ಬಂದು ಮತ್ತೆ ಕೂರುತ್ತಿದ್ದಳು. ಹಕ್ಕಿಗಳು ಬರುತ್ತಿದ್ದವು. ಅವಳು ಮೆಲ್ಲಗೆ ಕರೆಯುತ್ತಿದ್ದಳು: "ಅಣ್ಣಾ, ಇಲ್ಲಿ ನೋಡೋ."

ಅಣ್ಣ ತಿರುಗದೆಯೇ "ಹೂಂ" ಅನ್ನುತ್ತಿದ್ದ. ಕೆಲವೊಮ್ಮೆ "ಹೂಂ, ನೋಡ್ದೆ" ಅಂತಲೂ ಅನ್ನುತ್ತಿದ್ದ, ಮಹಾಶಯ.

ಸ್ಟೇಷನ್ನಿನ 'ಹೂಂ' ಕೂಡ ಅದೇ ಜಾತಿಯದು. ಮನೆಗೆ ಬಂದವನು ಮರೆತ. ಹತ್ತು ದಿನ ಕಳೆದ ಮೇಲೆ ಒಂದು ಸಂಜೆ ನಾಲ್ಕರ ಹೊತ್ತಿಗೆ ಮೆಷಿನ್ನಿನಲ್ಲಿ ಏನೋ ಕೆಟ್ಟಿದೆ ಅನ್ನಿಸಿತು. ಸದ್ದು ಸರಿಯಿಲ್ಲ. ನಿಲ್ಲಿಸಿ ಎಣ್ಣೆ ಬಿಟ್ಟ, ಶಟಲ್ ಬಿಚ್ಚಿ ನೂಲಿನ ಧೂಳು ಒರೆಸಿದ, ಬೆಲ್ಟು ಬಿಗಿ ಮಾಡಿದ. ಮತ್ತೆ ತುಳಿದ. ಸದ್ದು ಹಾಗೇ ಇತ್ತು. ಮೆಷಿನ್ ಸರಿಯಾಗೇ ಇದೆ, ಇಲ್ಲದಿರುವುದು ಹಿಂದಿನ ಸದ್ದು ಅಂತ ತಿಳಿಯುವುದಕ್ಕೆ ಅವನಿಗೆ ಇನ್ನೂ ಅರ್ಧ ಗಂಟೆ ಬೇಕಾಯಿತು. ತಂಗಿಯೂ ಇಲ್ಲ, ಹಕ್ಕಿಯೂ ಇಲ್ಲ. ಆ ಸಂಜೆ ಅವನಿಗೆ ಮನೆ ತುಂಬಾ ದೊಡ್ಡದಾಗಿ ಕಂಡಿತು. ಒಬ್ಬನೇ ಕೂತು ಊಟ ಮಾಡುವಾಗ ತಟ್ಟೆಗೆ ಚಮಚ ತಗಲಿದರೂ ಬೆಚ್ಚಿದ.

ಭಾನುವಾರ ತಂಗಿಯ ಫೋನ್ ಬಂತು.

"ಹಕ್ಕಿಗಳು ಬರ್ತಾವಾ, ಅಣ್ಣಾ?"

"ಬರ್ತಾವೆ."

"ಆ ಸಣ್ಣದು, ಒಂಟಿ ಕಾಲಿಂದು?"

"ಅದೇ ಎಲ್ಲಕ್ಕಿಂತ ಮೊದಲು ಬರೋದು," ಅಂದ ದರ್ಜಿ. ಒಂಟಿ ಕಾಲಿನ ಹಕ್ಕಿ ಒಂದಿದೆ ಅಂತ ಅವನಿಗೆ ಗೊತ್ತಾದದ್ದೇ ಆ ಗಳಿಗೆಯಲ್ಲಿ. ಸುಳ್ಳಿಗೆ ಒಮ್ಮೆ ಅಳತೆ ತೆಗೆದರೆ ಆಯಿತು, ತೋಳು, ಕಾಲರು, ಜೇಬು ಎಲ್ಲಾ ತಾವಾಗಿಯೇ ಬರುತ್ತವೆ.

ತಂಗಿ ನಕ್ಕಳು. "ಹಾಗಾದ್ರೆ ಮುಂದಿನ ತಿಂಗಳು ಮೊದಲನೇ ಭಾನುವಾರ ಬರ್ತೀನಿ. ನಿನ್ನ ನೋಡೋಕೆ ಅಂತ ಅಂದ್ಕೋಬೇಡ ಮತ್ತೆ, ಅವುಗಳನ್ನ ನೋಡೋಕೆ."

ಮೂರು ವಾರ ಇತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳು ಕೇಳಿದ್ದು, ಅವನ ನೆನಪಿನಂತೆ, ಒಂದೇ ಒಂದು. ಬಂದು ನೋಡಿದಾಗ ಹಿತ್ತಲು ಬರಿದಾಗಿದ್ದರೆ ಅವಳು ಬೈಯುವವಳಲ್ಲ. "ಇರಲಿ ಬಿಡು" ಅನ್ನುತ್ತಾಳೆ. ಆ "ಇರಲಿ ಬಿಡು" ಕೇಳುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಅನ್ನಿಸಿತು ದರ್ಜಿಗೆ.

ಮಾರನೇ ದಿನವೇ ಮಣೆಯ ಮೇಲೆ ಕಾಳು ಹರವಿದ, ಒಂದಲ್ಲ, ಮೂರು ಹಿಡಿ. ಹಕ್ಕಿ ಬಂದರೆ ಯಾವುದು ಬಂತು ಅಂತ ತಂಗಿಗೆ ಹೇಳಬೇಕಲ್ಲ? ಅದಕ್ಕಾಗಿ, ಮೂವತ್ತು ವರ್ಷದಿಂದ ಕದಲದ ಮೆಷಿನ್ನನ್ನು ಎಳೆದಾಡಿ, ಬಾಗಿಲಿಗೆ ಮುಖ ಮಾಡಿ ಇಟ್ಟ. ಗುರು ಇದ್ದಿದ್ದರೆ ಇಂಚುಪಟ್ಟಿಯಲ್ಲೇ ಬಾರಿಸುತ್ತಿದ್ದ. ಬೆಳಕು ನೇರ ಕಣ್ಣಿಗೆ ಹೊಡೆಯಿತು. ಒಬ್ಬ ಗಿರಾಕಿಯ ಪ್ಯಾಂಟಿಗೆ ಹಿಂಜೇಬನ್ನು ಒಳಮುಖವಾಗಿ ಹೊಲಿದುಬಿಟ್ಟ. ಕಣ್ಣಲ್ಲಿ ಕಣ್ಣಿಟ್ಟು ಹಿತ್ತಲು ಕಾದ. ಒಂದು ಹಕ್ಕಿ ಗೋಡೆಯ ಆಚೆಯಿಂದ ಇಣುಕಿ, ಇವನನ್ನು ನೋಡಿ, ಹಾರಿಹೋಯಿತು. ಆಮೇಲೆ ಅದೂ ಇಲ್ಲ.

ತಪ್ಪು ಮಣೆಯದ್ದು ಅಂದುಕೊಂಡ. ಬಣ್ಣ ಹೋದ, ಸುಟ್ಟ ಕಲೆಯ, ಮುರುಕಲು ಇಸ್ತ್ರಿ ಮಣೆ! ಇದರ ಮೇಲೆ ಯಾರು ತಿಂದಾರು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವನು ಮಣೆಯನ್ನು ದೂರುತ್ತಾ ಪೇಟೆಗೆ ಹೊರಟ.

ಗಿಡದ ಕುಂಡ, ನಾಯಿ ಬಿಸ್ಕತ್ತು, ಹಕ್ಕಿ ಕಾಳು ಮಾರುವ ಅಂಗಡಿ. ಹಕ್ಕಿಗಳಿಗೆ ಕಾಳು ಇಡುವ ಸಾಮಾನುಗಳೇ ಒಂದು ಗೋಡೆ ತುಂಬಾ ನೇತಾಡುತ್ತಿದ್ದವು. ಉದ್ದ ಕೊಳವೆಗೆ ತೂತು ಕೊರೆದಂಥವು, ಹೆಂಚಿನ ಚಾವಣಿಯ ಪುಟ್ಟ ಮರದ ಮನೆಗಳು, ಸರಪಳಿ ಕಟ್ಟಿದ ತಟ್ಟೆಗಳು, ಕಿಟಕಿಗೆ ಅಂಟಿಸುವ ಗಾಜಿನ ಡಬ್ಬಿಗಳು. ದರ್ಜಿ ಜೇಬಿನಿಂದ ಇಂಚುಪಟ್ಟಿ ತೆಗೆದು ಮರದ ಮನೆಯ ಬಾಗಿಲು ಅಳೆಯತೊಡಗಿದ. ಅಂಗಡಿಯಾಕೆ ಕನ್ನಡಕ ಏರಿಸಿಕೊಂಡು ನೋಡಿದಳು.

"ಯಾವ ಹಕ್ಕಿಗೆ ಬೇಕು?"

"ಹಿತ್ತಲಿಗೆ ಬರೋ ಹಕ್ಕಿಗೆ."

"ಅದೇ ಯಾವುದು ಅಂತ? ಸಣ್ಣದಾದ್ರೆ ಈ ಕೊಳವೆ. ದೊಡ್ಡದಾದ್ರೆ ತಟ್ಟೆ. ಅಳತೆ ಗೊತ್ತಿಲ್ಲದೆ ಹೇಗೆ ಕೊಡ್ಲಿ?"

ಮಾತು ದರ್ಜಿಗೆ ನಾಟಿತು. ಅಳತೆಯಿಲ್ಲದೆ ಅಂಗಿ ಹೊಲಿಸಲು ಬಂದ ಗಿರಾಕಿಗೆ ತಾನೂ ಹೀಗೇ ಹೇಳುತ್ತಿದ್ದ. ಸ್ವಲ್ಪ ಯೋಚಿಸಿ ಅಂದ: "ಒಂದು ಎಣ್ಣೆ ಕಾಣದ ಪೆಡಲ್ ಥರ ಕೀಚ್ ಕೀಚ್ ಅನ್ನುತ್ತೆ. ಇನ್ನೊಂದು, ಕತ್ತರಿ ಬೇಗ ಬೇಗ ಆಡಿಸಿದ ಹಾಗೆ. ಮತ್ತೊಂದು ಸುಮ್ನೆ ಜಗಳ ಆಡುತ್ತೆ."

"ಬಣ್ಣ ಹೇಳಿ."

"ಬಣ್ಣ ನೋಡಿಲ್ಲ."

"ಎಷ್ಟು ದಿನದಿಂದ ಬರ್ತಿವೆ?"

"ಇಪ್ಪತ್ತೆರಡು ವರ್ಷ."

ಅಂಗಡಿಯಾಕೆ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. "ಕೊಳವೆ, ತಟ್ಟೆ, ಮರದ ಮನೆ ಒಂದೊಂದು ತಗೊಂಡು ಹೋಗಿ," ಅಂದಳು. "ಆದ್ರೆ ಒಂದು ಹೇಳ್ತೀನಿ. ಮರದ ಮನೆ ನೋಡೋರಿಗೆ ಚೆಂದ. ಹಕ್ಕಿಗೆ ಚೆಂದ ಗೊತ್ತಾಗಲ್ಲ."

ಆದರೂ ಅವನು ಹಳೇ ಮಣೆಯನ್ನು ಗೋಡೆಯಿಂದ ಇಳಿಸಿ, ಮರದ ಮನೆಯನ್ನೇ ಬಾಗಿಲಿಗೆ ನೇರವಾಗಿ ತೂಗುಹಾಕಿದ. ಅದರ ಎರಡು ಪಕ್ಕ ಕೊಳವೆ ಮತ್ತು ತಟ್ಟೆ. ಹಿತ್ತಲು ಮದುವೆ ಮನೆಯ ಹಾಗೆ ಸಿಂಗಾರವಾಯಿತು, ನೆಂಟರೇ ಇಲ್ಲ. ಒಂದು ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯುತ್ತಾ ಬಂತು. ಮಳೆ ಹನಿ ಬಿದ್ದು ತಟ್ಟೆಯಲ್ಲಿನ ಕಾಳು ಮೊಳಕೆಯೊಡೆಯಿತು. ಸಂಜೆಗಳಲ್ಲಿ ದರ್ಜಿ ಹೊಲಿಯುವುದನ್ನು ಬಿಟ್ಟು ಸುಮ್ಮನೆ ಕೂತಿರುತ್ತಿದ್ದ. ಯಾರಾದರೂ ಗಿರಾಕಿ ಬಂದರೆ ಬೇಕೆಂದೇ ನಾಲ್ಕು ಮಾತು ಜಾಸ್ತಿ ಆಡುತ್ತಿದ್ದ. ಅವರು ಗಡಿಯಾರ ನೋಡಿಕೊಂಡು ಹೊರಡುತ್ತಿದ್ದರು.

ಭಾನುವಾರಕ್ಕೆ ಮೂರು ದಿನ ಉಳಿಯಿತು. ಗುರುವಾರ ಅವನು ತಾನಾಗಿಯೇ ಫೋನ್ ಮಾಡಿದ. ಹಿಂದೆಂದೂ ಹಾಗೆ ಮಾಡಿದವನಲ್ಲ.

"ಏನಾಯ್ತು? ಹುಷಾರಾಗಿದ್ದೀಯಾ?" ತಂಗಿಯ ದನಿಯಲ್ಲಿ ಗಾಬರಿ.

"ಹುಷಾರಾಗೇ ಇದ್ದೀನಿ. ಪುಟ್ಟಿ, ಹಕ್ಕಿಗಳು ಬರ್ತಿಲ್ಲ."

"ಯಾವಾಗಿಂದ?"

"ನೀನು ಹೋದಾಗಿಂದ."

ಅವಳು 'ಇರಲಿ ಬಿಡು' ಅನ್ನಲಿಲ್ಲ. ಏನೇನು ಮಾಡಿದೆ ಹೇಳು ಅಂದಳು. ಅವನು ಒಂದೂ ಬಿಡದೆ ಹೇಳಿದ. ಮೊದಲ ಹತ್ತು ದಿನ ಮರೆತದ್ದು, ಮೂರು ಹಿಡಿ ಕಾಳು, ಅಂಗಡಿ, ಕೊಳವೆ, ತಟ್ಟೆ, ಮರದ ಮನೆ. "ಎಲ್ಲಾ ಚೆನ್ನಾಗಿ ಕಾಣ್ಲಿ ಅಂತ ಮೆಷಿನ್ನೂ ತಿರುಗಿಸಿ ಇಟ್ಟೆ," ಅಂದ.

ಫೋನಿನಾಚೆ ದೂರದಲ್ಲಿ ಬೇಕರಿಯವನು ಟ್ರೇ ಜೋಡಿಸುವ ಸದ್ದು ಕೇಳಿಸಿತು.

"ಮೆಷಿನ್ ತಿರುಗಿಸಿದ್ಯಾ?"

"ಹೂಂ. ಬಾಗಿಲ ಕಡೆಗೆ."

"ಎಷ್ಟು ಸಲ ಕೇಳಿದ್ದೆ ಅಣ್ಣಾ ನಾನು, ಒಂಚೂರು ಈ ಕಡೆ ತಿರುಗಿಸ್ಕೋ ಅಂತ."

"ಬೆಳಕು..." ಅಂದ ದರ್ಜಿ.

"ಹೌದು. ಬೆಳಕು." ಅವಳು ಹಂಗಿಸಲಿಲ್ಲ, ಸುಮ್ಮನೆ ಒಪ್ಪಿಕೊಂಡಳು, ಅದೇ ಕಷ್ಟವಾಯಿತು. ಆಮೇಲೆ ಹೇಳಿದಳು: "ಅವಕ್ಕೆ ನಿನ್ನ ಮುಖ ಗೊತ್ತಿಲ್ಲ ಅಣ್ಣಾ. ಬೆನ್ನು ಮಾತ್ರ ಗೊತ್ತು. ಮುಖ ಕಂಡ್ರೆ ಯಾರೋ ಹೊಸಬರು ಅಂತ ಹೆದರ್ತಾವೆ. ಎಲ್ಲಾ ಮೊದಲಿನ ಹಾಗೇ ಇಡು. ಕಾಳು ಮಣೆ ಮೇಲೇ ಹಾಕು."

ಅವನು ಹಾಗೇ ಮಾಡಿದ. ಮೆಷಿನ್ ಮತ್ತೆ ಗೋಡೆಗೆ ಮುಖ ಮಾಡಿತು. ಮರದ ಮನೆ, ಕೊಳವೆ, ತಟ್ಟೆ ಇಳಿದವು, ಮಣೆ ಮತ್ತೆ ಗೋಡೆ ಏರಿತು. ಶುಕ್ರವಾರ ನಾಲ್ಕು ದಾಟಿದ ಮೇಲೆ ಬೆನ್ನ ಹಿಂದೆ ಕೀಚ್ ಅಂತ ಒಂದು ಸದ್ದು. ದರ್ಜಿಯ ಕಾಲು ಪೆಡಲಿನ ಮೇಲೇ ನಿಂತಿತು. ಆಮೇಲೆ ಕತ್ತರಿ ಆಡಿಸಿದ ಸದ್ದು. ಕಣ್ಣಲ್ಲಿ ನೀರು ಬಂತು. ತಡೆಯಲಾರದೆ ತಿರುಗಿದ. ಪುರ್ ಎಂದು ಎಲ್ಲಾ ಹಾರಿದವು, ಒಂದರ ಬಾಲವೂ ಕಾಣಲಿಲ್ಲ.

ತಂಗಿ ನಾಳಿದ್ದು ಬರುತ್ತಾಳೆ. ಹಕ್ಕಿಗಳೇನೋ ಬಂದವು, ಅವಳಿಗೆ ತೋರಿಸಬಹುದು. ಆದರೆ ಅವಳು "ನೀನು ನೋಡಿದ್ಯಾ?" ಅಂತ ಕೇಳಿದರೆ? ಈ ಸಲ ತಿರುಗದೆ 'ಹೂಂ, ನೋಡ್ದೆ' ಅನ್ನಲು ಅವನಿಗೆ ಮನಸ್ಸಿರಲಿಲ್ಲ. ರಾತ್ರಿ ಮಲಗುವ ಮುಂಚೆ ಅವನ ದರ್ಜಿಬುದ್ಧಿ ಓಡಿತು. ಹಕ್ಕಿಗಳಿಗೆ ಗೊತ್ತಿರುವ ಆಕಾರ ಎರಡು. ಮೆಷಿನ್ನಿನ ಮುಂದೆ ಒಂದು ಬೆನ್ನು, ಬಾಗಿಲ ಪಕ್ಕ ಸ್ಟೂಲಿನ ಮೇಲೆ ತಲೆ ಬಗ್ಗಿಸಿ ಗುಂಡಿ ಹಚ್ಚುವ ಒಬ್ಬರು. ಎರಡೂ ಇರಬೇಕು, ಅಷ್ಟೇ ತಾನೇ?

ಶನಿವಾರ ಮಧ್ಯಾಹ್ನ ತಾನು ದಿನವೂ ತೊಡುವ ಕಂದು ಕೋಟನ್ನು ಬಿಚ್ಚಿ ಮೆಷಿನ್ನಿನ ಕುರ್ಚಿಗೆ ತೊಡಿಸಿದ. ಭುಜ ತುಂಬಲೆಂದು ಒಳಗೆ ಬಟ್ಟೆ ತುರುಕಿದ, ಕಾಲರು ಸರಿಮಾಡಿದ. ಬೇರೆಯವರಿಗೆ ಹೊಲಿದಂತೆಯೇ ಜೋಪಾನವಾಗಿ ಬೆನ್ನಿನ ಸುಕ್ಕು ಎಳೆದ. ಮಣೆಯ ಮೇಲೆ ಒಂದು ಹಿಡಿ ಕಾಳು ಹರವಿ ಬಂದು, ತಂಗಿಯ ಗಿಡ್ಡ ಸ್ಟೂಲಿನ ಮೇಲೆ ಮೊದಲ ಸಲ ಕೂತ. ಮೊಣಕಾಲು ಎದೆಗೆ ಬಂತು. ಒಂದು ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು, ತಲೆ ಬಗ್ಗಿಸಿ, ಗುಂಡಿ ಹಚ್ಚತೊಡಗಿದ.

ಎರಡನೇ ಗುಂಡಿಗೆ ಅವು ಬಂದವು. ಕತ್ತರಿ ಸದ್ದಿನದು ಹಳದಿ ಕೊಕ್ಕಿನ ಕರಿ ಹಕ್ಕಿ. ಜಗಳ ಆಡುವವು ಗುಬ್ಬಿಗಳು, ಐದಾರು. ಕೊನೆಗೆ ಎಣ್ಣೆ ಕಾಣದ ಪೆಡಲಿನಂಥದು ಬಂತು, ಹೆಬ್ಬೆರಳಿನಷ್ಟಿತ್ತು, ಹೊಟ್ಟೆ ಹಳದಿ. ಮಣೆಯ ಅಂಚಿನಲ್ಲಿ ಒಂದೇ ಕಾಲಿನ ಮೇಲೆ ಕೂತು, ಬೀಳುವ ಹಾಗೆ ಆಗಿ, ರೆಕ್ಕೆ ಬಿಚ್ಚಿ ಸಾವರಿಸಿಕೊಂಡು, ಒಂದು ಕಾಳು ಎತ್ತಿ ಅತ್ತಿತ್ತ ನೋಡಿತು. ಗುಬ್ಬಿಗಳು ಅದಕ್ಕೆ ಜಾಗ ಬಿಟ್ಟವು. ದರ್ಜಿಗೆ ಎಷ್ಟು ಖುಷಿಯಾಯಿತೆಂದರೆ ಸೂಜಿ ಬೆರಳಿಗೆ ಚುಚ್ಚಿದ್ದೂ ತಿಳಿಯಲಿಲ್ಲ. ಇಂಥದ್ದನ್ನು ಒಬ್ಬನೇ ನೋಡುವುದು ಹೇಗೆ? ಯಾರಿಗಾದರೂ ತೋರಿಸಬೇಕು, ಈಗಲೇ ತೋರಿಸಬೇಕು ಅನ್ನಿಸಿತು.

ತಲೆಯೆತ್ತಿ ಕೋಣೆಯ ಕಡೆ ನೋಡಿದ. ಮೂರು ಮಾರು ದೂರದಲ್ಲಿ, ಗೋಡೆಗೆ ಮುಖ ಮಾಡಿ, ಕಂದು ಕೋಟು ಕೂತಿತ್ತು. ಅಗಲವಾದ ಬೆನ್ನು, ನಡುವೆ ಒಂದು ನೇರ ಹೊಲಿಗೆ.

"ಇಲ್ಲಿ ನೋಡೋ," ಅಂದ ದರ್ಜಿ ಮೆಲ್ಲಗೆ, ಹಕ್ಕಿಗಳು ಹೆದರದ ಹಾಗೆ.

ಕೋಟು ತಿರುಗಲಿಲ್ಲ. ನಾನಾದರೂ ಹೂಂ ಅನ್ನುತ್ತಿದ್ದೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಳ್ಳಲು ನೋಡಿದ. ಆಗಲಿಲ್ಲ. ಅಂಗಿಯ ಉಳಿದ ಐದು ಗುಂಡಿಗಳನ್ನು ಅಲ್ಲೇ ಕೂತು ಹಚ್ಚಿದ, ಒಂದೊಂದು ಗುಂಡಿಗೂ ಒಮ್ಮೆ ತಲೆಯೆತ್ತಿ ಆ ಬೆನ್ನನ್ನು ನೋಡುತ್ತಾ.