ಮುಟ್ಟಿದರೆ ಕೂಗುವ ಆನೆ

ಕೃತಿಕಾಳ ಆ್ಯಪಿನಲ್ಲಿ ಒಂದಕ್ಷರವೂ ಇರಲಿಲ್ಲ. ಅದೇ ಅವಳ ಹೆಮ್ಮೆ. ಓದು ಬಾರದವರೂ ಬಳಸಬಲ್ಲ ಫೋನಿನ ಪರದೆ ಹೇಗಿರಬೇಕು ಎಂಬುದು ಅವಳ ಸಂಶೋಧನೆ. ಪರದೆ ತುಂಬ ಒಂದೇ ಆನೆಯ ಚಿತ್ರ. ತೋಟದಲ್ಲಿ ಆನೆ ಕಂಡವರು ಅದನ್ನು ಮುಟ್ಟಿದರೆ ಸಾಕು, ಎಸ್ಟೇಟ್ ಆಫೀಸಿನಲ್ಲಿ ಸೈರನ್ ಕೂಗುತ್ತದೆ, ಜೀಪು ಹೊರಡುತ್ತದೆ. ಬಾಳೂರಿನ ಒಂದು ತೋಟದಲ್ಲಿ ಇಪ್ಪತ್ತು ಕೆಲಸಗಾರರಿಗೆ ಫೋನು ಕೊಟ್ಟು ಪರೀಕ್ಷೆ ಶುರುಮಾಡಿದ್ದಳು.

ಮೊದಲ ವಾರದಿಂದಲೇ ಕಾಟ. ದಿನಾ ಬೆಳಿಗ್ಗೆ ಏಳೂವರೆಗೆ ಸೈರನ್. ಜೀಪು ಹೋಗಿ ನೋಡಿದರೆ ಆನೆಯೂ ಇಲ್ಲ, ಲದ್ದಿಯೂ ಇಲ್ಲ.

"ಇದನ್ನೊಂದ್ ನಿಲ್ಸಿ ಮಾರಾಯ್ರೆ, ಓಡಾಡಿ ಸಾಕಾಯ್ತು" ಎಂದು ತೋಟದ ಲೆಕ್ಕ ಬರೆಯುವ ರೈಟರ್ ಓಂಕಾರಮೂರ್ತಿ ಫೋನಿನಲ್ಲಿ ಗೋಗರೆದ.

ಕೃತಿಕಾ ಚಿಕ್ಕಮಗಳೂರಿನ ತನ್ನ ಕೋಣೆಯಲ್ಲಿ ಕೂತು ಅಂಕಿಅಂಶ ನೋಡಿದಳು. ಕೈತಪ್ಪಿ ತಾಗಿದ್ದು ಎಂದು ತೀರ್ಮಾನಿಸಿದಳು. ಬೆಳಿಗ್ಗೆ ಎಂಟು ಗಂಟೆಯೊಳಗೆ ಮುಟ್ಟಿದರೆ ಸೈರನ್ ಕೂಗದಂತೆ ಮಾಡಿ ನೆಮ್ಮದಿಯಾಗಿ ಮಲಗಿದಳು. ಇಪ್ಪತ್ತು ಜನರಲ್ಲಿ ಒಬ್ಬರನ್ನಾದರೂ ಕೇಳಬೇಕಿತ್ತಲ್ಲ! ಕೇಳಲಿಲ್ಲ. ಅವರಿಗೆ ಹೇಳಲೂ ಇಲ್ಲ.

ಹದಿನೈದು ದಿನ ಬಿಟ್ಟು ತೋಟಕ್ಕೆ ಬಂದವಳು, ಆಫೀಸಿನ ಜಗಲಿಯಲ್ಲಿ ಹಾಜರಿಗೆ ಕಾಯುತ್ತಿದ್ದ ಶೇಷಪ್ಪನನ್ನು ಹೀಗೇ ಕೇಳಿದಳು.

"ಬೆಳಿಗ್ಗೆ ಬೆಳಿಗ್ಗೆ ಆನೇನ ಯಾಕೆ ಮುಟ್ತೀರಿ ಶೇಷಪ್ಪ?"

"ಗಣಪ್ಪನ ಮುಟ್ಟಿ ಕಣ್ಣಿಗೊತ್ಕೊಳ್ದೆ ತೋಟಕ್ಕೆ ಇಳಿಯೋದು ಹೆಂಗಮ್ಮ? ದಿನಕ್ಕೊಂದ್ಸಲ, ಅಷ್ಟೇ. ಮೊದ್ಲು ಕೂಗ್ತಿತ್ತು, ಈಗ ಸುಮ್ನಿರುತ್ತೆ. ಕೈ ಮುಗಿಯೋದು ಯಾವ್ದು, ಹೆದ್ರಿ ಕರೆಯೋದು ಯಾವ್ದು ಅಂತ ಗಣಪ್ಪಂಗೆ ತಿಳೀತು ಅಂತಾಳೆ ನನ್ ಹೆಂಡ್ತಿ ಗಿಡ್ಡಮ್ಮ."

ಕೃತಿಕಾಳಿಗೆ ನಗು ಬಂತು. ನಗುತ್ತಲೇ ಲ್ಯಾಪ್‌ಟಾಪ್ ತೆರೆದಳು. ಆ ದಿನದ ಪಟ್ಟಿಯಲ್ಲಿ ಎಲ್ಲರ ಹೆಸರಿನ ಮುಂದೆ ಒಂದೊಂದೇ ಸಲ ಮುಟ್ಟಿದ ಗುರುತು. ಗಿಡ್ಡಮ್ಮನ ಹೆಸರಿನ ಮುಂದೆ ಮಾತ್ರ, ಏಳು ನಲವತ್ತೊಂದರಿಂದ ಮೂವತ್ತೊಂದು ಸಲ.

ಗೋಡೆಯ ಗಡಿಯಾರದಲ್ಲಿ ಎಂಟಾಗಲು ಎರಡು ನಿಮಿಷವಿತ್ತು.

"ಶೇಷಪ್ಪ, ಗಿಡ್ಡಮ್ಮ ಎಲ್ಲಿ?"

"ಹಳ್ಳದ ಕಡೆ ಸೌದೆಗೆ ಹೋದ್ಲು. ಯಾಕಮ್ಮ?"

"ಜೀಪು ತೆಗೀರಿ!" ಎಂದು ಕೃತಿಕಾ ರೈಟರಿಗೆ ಕೂಗಿ ಇಳಿಜಾರಿನಲ್ಲಿ ಓಡಿದಳು, ಶೇಷಪ್ಪ ಹಿಂದೆಯೇ ಓಡಿಬಂದ. ದೇವರೇ, ಕೈತಪ್ಪಿ ತಾಗಿದ್ದಾಗಿರಲಿ. ಮೂವತ್ತೊಂದು ಸಲವೂ ಕೈತಪ್ಪಿದ್ದೇ ಆಗಿರಲಿ. ಮುಳ್ಳು ಗೀರಿದ್ದೂ ಗೊತ್ತಾಗದೆ ಅವಳು ಇದನ್ನೇ ಬಡಬಡಿಸುತ್ತಿದ್ದಳು.

ಹಳ್ಳದ ಹತ್ತಿರ ಕಾಫಿ ಗಿಡಗಳು ಬುಡಸಮೇತ ಮುರಿದು ಬಿದ್ದಿದ್ದವು. ಸೌದೆ ಚೆಲ್ಲಾಪಿಲ್ಲಿಯಾಗಿತ್ತು. ನೀರಿಂಗಲು ತೋಡಿದ ಗುಂಡಿಯೊಳಗೆ ಗಿಡ್ಡಮ್ಮ ಬಿದ್ದಿದ್ದಳು. ಒಂದು ಕಾಲು ತೊಡೆಯ ಹತ್ತಿರ ತಿರುಚಿಕೊಂಡಿತ್ತು. ಜೀವವಿತ್ತು. ಹೆಬ್ಬೆರಳು ಇನ್ನೂ ಪರದೆ ಒತ್ತುತ್ತಲೇ ಇತ್ತು.

ಶೇಷಪ್ಪ ಗುಂಡಿಗೆ ಇಳಿದು ಹೆಂಡತಿಯ ತಲೆ ಎತ್ತಿ ತೊಡೆಗೆ ಆನಿಸಿಕೊಂಡ. ಅವಳು ಕೃತಿಕಾಳನ್ನು ನೋಡಿ ತಡವರಿಸಿದಳು.

"ಸಿಟ್ಟಾಗ್ಬೇಡಿ ಅಮ್ಮ. ಇವತ್ತು ಸ್ನಾನ ಮಾಡ್ದೆ ಮುಟ್ಬಿಟ್ಟೆ. ಅದ್ಕೇ ಕೂಗ್ಲಿಲ್ಲ."

"ತಪ್ಪು ನಂದು ಗಿಡ್ಡಮ್ಮ! ಬೆಳಿಗ್ಗೆ ಕೂಗ್ಬಾರ್ದು ಅಂತ ನಾನೇ ಅದರ ಬಾಯಿ ಕಟ್ಟಿದ್ದೆ." ಕೃತಿಕಾ ಕೆಸರಿನಲ್ಲಿ ಕುಸಿದು ಕೂತು ಗೊಳೋ ಎಂದು ಅತ್ತಳು.

"ಸುಮ್ನಿರಿ. ಓದಿದೋರು ನೀವು, ನಿಮ್ದೆಂಥ ತಪ್ಪು?" ಎಂದು ಗಿಡ್ಡಮ್ಮ ಅವಳನ್ನೇ ಸಮಾಧಾನ ಮಾಡಿದಳು. ಆಮೇಲೆ ನೋವಿಗೆ ಹಲ್ಲು ಕಚ್ಚಿ, ಗಂಡನ ಕಡೆ ತಿರುಗಿದಳು.

"ಮನೆಗೆ ಹೋದ ಕೂಡ್ಲೆ ಗಣಪ್ಪಂಗೆ ತಪ್ಪುಕಾಣಿಕೆ ಕಟ್ಟಿಡಿ. ನನ್ ಹೆಸ್ರಲ್ಲಿ."