ಬಾಲ ಬಿಟ್ಟ ಹೊಲಿಗೆ

“ಆ ಮುದುಕೀನ ಒಳಗೆ ಎಳ್ಕೊಳ್ರಿ. ರಸ್ತೆಗೇ ದರಿದ್ರ ಹಿಡಿದ ಹಾಗೆ ಕಾಣುತ್ತೆ.”

ಹೀಗೆ ಅಂದವರು ಕಚೇರಿಯಿಂದ ಜೀಪಿನಲ್ಲಿ ಬಂದಿಳಿದ ಸಾಹೇಬರು. ಅಂದದ್ದು ನನ್ನ ಅತ್ತೆಯ ಬಗ್ಗೆ. ಅತ್ತೆಯ ಮಂಚ ನಮ್ಮ ಮನೆ ಬಾಗಿಲಲ್ಲಿರುತ್ತದೆ, ಅರ್ಧ ಒಳಗೆ, ಅರ್ಧ ಹೊರಗೆ. ಪೂರ್ತಿ ಒಳಗೆ ಎಳೆದರೆ ನಾನೂ ನನ್ನ ಗಂಡನೂ ಗೋಡೆ ಹತ್ತಿ ಕೂರಬೇಕು. ಇರುವುದೇ ಒಂದು ಕೋಣೆ, ಅದಕ್ಕೆ ಕಿಟಕಿ ಇಲ್ಲ. ಗಾಳಿ, ಬೆಳಕು, ಧೂಳು, ಊರಿನ ಸುದ್ದಿ ಎಲ್ಲವೂ ಆ ಬಾಗಿಲಿಂದಲೇ ಬರಬೇಕು.

ಪಾರ್ಶ್ವವಾಯು ಹೊಡೆದು ಅತ್ತೆಯ ಬಲಭಾಗ ಬಿದ್ದುಹೋಗಿದೆ. ಮಾತೂ ತೊದಲುತ್ತದೆ. ನೀರು ಕೇಳೋಕೆ ಹೋದರೆ ‘ನೀ ನೀ’ ಅಂತ ಅಲ್ಲೇ ನಿಂತುಬಿಡುತ್ತಾಳೆ. ಆದರೆ ಬೈಗುಳ ಮಾತ್ರ ಒಂದಕ್ಷರ ಜಾರದೆ ಬರುತ್ತದೆ. ಕೆಲವರಿಗೆ ಹಾಗೂ ಆಗುವುದುಂಟು ಅಂತ ಡಾಕ್ಟರೇ ಹೇಳಿದ್ದಾರೆ. ದಿನವಿಡೀ ರಸ್ತೆ ನೋಡುತ್ತಾ, ನಿಲ್ಲಿಸದೆ ಹೋಗುವ ಬಸ್ಸಿನವನಿಗೆ, ಉಗಿಯುತ್ತಾ ಹೋಗುವವನಿಗೆ, ಮೈಕಿನಲ್ಲಿ ವೋಟು ಕೇಳುವವನಿಗೆ ಮಂಚದಿಂದಲೇ ಮಂಗಳಾರತಿ ಎತ್ತುವುದು ಅವಳ ಕೆಲಸ. ಬದುಕಿರುವುದೇ ಅದಕ್ಕೆ ಅಂತ ನಾವು ತಮಾಷೆ ಮಾಡುತ್ತಿದ್ದೆವು.

“ಬೇವರ್ಸಿ,” ಅಂದಳು ಸಾಹೇಬರಿಗೆ, ಸ್ಪಷ್ಟವಾಗಿ.

ಸಾಹೇಬರು ಕೇಳಿಸದವರ ಹಾಗೆ ಮುಂದುವರಿಸಿದರು. ದೇಶ ಆಳುವ ದೊಡ್ಡವರು ಈ ರಸ್ತೆಯಲ್ಲೇ ಹೋಗುತ್ತಾರಂತೆ. ದೇಶ ಎಷ್ಟು ಮೇಲೆ ಬಂದಿದೆ ಅಂತ ತೋರಿಸುವ ಪ್ರದರ್ಶನವಂತೆ, ಹೊರದೇಶದ ಅತಿಥಿಗಳೂ ಜೊತೆಗಂತೆ. ನಮ್ಮ ಸಾಲುಮನೆಗಳ ಮುಂದೆ ಉದ್ದಕ್ಕೂ ಪರದೆ ಕಟ್ಟಬೇಕಂತೆ. “ಒಂದು ದಿನ ತಾನೆ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ,” ಅಂದರು. ಅವತ್ತಿನಿಂದ ನಮ್ಮ ಸಾಲಿನಲ್ಲಿ ಅವರಿಗೆ ಅಡ್ಜಸ್ಟ್ ಸಾಹೇಬರು ಅಂತಲೇ ಹೆಸರು ಬಿತ್ತು.

ಅಡ್ಜಸ್ಟ್ ಮಾಡಿಕೊಳ್ಳುವುದನ್ನು ನಮಗೆ ಬೇರೆಯವರು ಬಂದು ಕಲಿಸಬೇಕೆ? ಎಣ್ಣೆ ದುಬಾರಿಯಾದಾಗ ಹುರಿಯುವುದು ಬಿಟ್ಟು ಬೇಯಿಸಿದೆವು. ಗ್ಯಾಸ್ ದುಬಾರಿಯಾದಾಗ ಒಂದೇ ಹೊತ್ತು ಒಲೆ ಹಚ್ಚಿದೆವು. ದೊಡ್ಡವರು ಟೀವಿಯಲ್ಲಿ ಬಂದು, ದೇಶಕ್ಕಾಗಿ ಇನ್ನು ಸ್ವಲ್ಪ ದಿನ ಸಹಿಸಿಕೊಳ್ಳಿ ಅಂತ ಗದ್ಗದಿತರಾದರು. ಅವರ ಹಿಂದೆ ಗೋಡೆಯ ಮೇಲೆ ಒಂದು ಗೆರೆ ಸೊಂಯ್ಯನೆ ಮೇಲಕ್ಕೆ ಹತ್ತುತ್ತಿತ್ತು. ನಮ್ಮ ಎಣ್ಣೆ ರೇಟೇ ಇರಬೇಕು ಅಂದುಕೊಂಡೆ. ಅಲ್ಲವಂತೆ, ದೇಶದ ಪ್ರಗತಿಯಂತೆ. ಆ ಗೆರೆ ಹಾಗೆ ಹತ್ತುತ್ತಿರುವಾಗಲೇ ಹಿಟ್ಟಿನ ಮಿಲ್ಲುಗಳು ಒಂದೊಂದಾಗಿ ನಿಂತವು. ತುಂಬೋಕೆ ಏನೂ ಇಲ್ಲದ ಮೇಲೆ ಚೀಲ ಯಾರಿಗೆ ಬೇಕು? ನಮ್ಮ ಸಾಲಿನ ಹೆಂಗಸರೆಲ್ಲ ದುಡಿಯುತ್ತಿದ್ದ ಚೀಲದ ಕಾರ್ಖಾನೆಗೆ ಬೀಗ ಬಿತ್ತು.

ಆ ಬೀಗ ತೆಗೆಸಿದ್ದು ಈ ಪರದೆಯೇ. ಮಾರಾಟವಾಗದೆ ಬಿದ್ದಿದ್ದ ಪ್ಲಾಸ್ಟಿಕ್ ಚೀಲಗಳನ್ನು ಸೀಳಿ, ಜೋಡಿಸಿ ಹೊಲಿಯುವ ಆರ್ಡರನ್ನು ಮಾಲೀಕ ಹಿಡಿದು ತಂದಿದ್ದ. ದೊಡ್ಡವರ ಕಡೆಯವರಿಗೆ ಇದು ಹಿಡಿಸಿಬಿಟ್ಟರೆ ಅವರು ಹೋಗುವ ಊರಿಗೆಲ್ಲ ಪರದೆ ನಮ್ಮದೇ, ವರ್ಷವಿಡೀ ಕೆಲಸ ಅಂದ. “ದೊಡ್ಡವರು ಚೆನ್ನಾಗಿ ತಿರುಗಾಡ್ಲಿ ಅಂತ ಕೈ ಮುಗೀರಮ್ಮ,” ಅಂದ. ಮುಗಿದೆವು. ನಮ್ಮ ಮುಖಕ್ಕೆ ಮುಚ್ಚುವ ಬಟ್ಟೆಯನ್ನು ನಾವೇ ಕೂತು ಹೊಲಿದೆವು. ಹೊಟ್ಟೆಪಾಡು, ಇನ್ನೇನು.

ಕಂಬದಿಂದ ಕಂಬಕ್ಕೆ ಹಗ್ಗ ಎಳೆದರು. ಪರದೆಯ ಮೇಲಂಚನ್ನು ಹಗ್ಗದ ಮೇಲೆ ಮಡಚಿ, ಚೀಲದ ಬಾಯಿ ಮುಚ್ಚುವ ಕೈಮಿಷನ್ನಿನಲ್ಲಿ ಸಾಲಿನ ಆ ತುದಿಯಿಂದ ಈ ತುದಿಗೆ ಒಂದೇ ಹೊಲಿಗೆ ಹಾಕಿದೆವು. ಕೊನೆಯ ಮನೆ ನಮ್ಮದು, ಕೊನೆಯ ಹೊಲಿಗೆಯೂ ನನ್ನದೇ. ಚೀಲ ಹೊಲಿಯುವವರು ಮುಗಿಸುವಾಗ ಗಂಟು ಹಾಕುವುದಿಲ್ಲ, ದಾರವನ್ನು ಗೇಣುದ್ದ ಬಾಲ ಬಿಡುತ್ತೇವೆ. ಬಿಚ್ಚುವವನು ಆ ಬಾಲ ಹಿಡಿದು ಎಳೆದರೆ ಸಾಕು, ಕತ್ತರಿಯೇ ಬೇಡ, ಹೊಲಿಗೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ನನಗೆ ಇದನ್ನು ಕಲಿಸಿದವಳು ಅತ್ತೆ. ಅವಳು ಅದೇ ಕಾರ್ಖಾನೆಯಲ್ಲಿ ತಲೆ ನರೆಯುವವರೆಗೆ ದುಡಿದವಳು. ಪರದೆಗೂ ನನ್ನ ಕೈ ತನ್ನಷ್ಟಕ್ಕೆ ಬಾಲ ಬಿಟ್ಟುಬಿಟ್ಟಿತ್ತು.

ಆಮೇಲೆ ಪೇಂಟರ್ ಬಂದು ರಸ್ತೆ ಕಡೆಯ ಮುಖಕ್ಕೆ ಚಿತ್ರ ಬರೆದ. ಹುಲ್ಲು, ಹೂವು, ಹಲ್ಲು ಕಿರಿಯುವ ದಪ್ಪ ದಪ್ಪ ಮಕ್ಕಳು. ನಮ್ಮ ಬಾಗಿಲಿಗೆ ಸರಿಯಾಗಿ ಒಂದು ಚಂದದ ಕಿಟಕಿ.

ಒಂದು ದಿನ ಅಂದದ್ದು ಬೆಳೆಯುತ್ತಾ ಹೋಯಿತು. ಮೊದಲು ಸಂಸತ್ತಿನಲ್ಲಿ ಗಲಾಟೆಯಂತೆ, ಆಮೇಲೆ ಅತಿಥಿಗಳಿಗೆ ಪುರುಸೊತ್ತಿಲ್ಲವಂತೆ. ದೊಡ್ಡವರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ. ಪರದೆ ಬಿಚ್ಚುವ ಹಾಗಿಲ್ಲ. ಬಿಸಿಲಿಗೆ ಆ ಪ್ಲಾಸ್ಟಿಕ್ ಬಟ್ಟೆ ಕಾದು, ಒಳಗೆ ನಾವು ಮುಚ್ಚಿಟ್ಟ ಪಾತ್ರೆಯಲ್ಲಿ ಬೆಂದ ಹಾಗೆ ಬೆಂದೆವು. ಅತ್ತೆಯ ಬೆನ್ನೆಲ್ಲ ಹುಣ್ಣಾಯಿತು. ಉಸಿರು ಗೊರಗೊರ ಅನ್ನತೊಡಗಿತು. ಬಾಗಿಲಲ್ಲೇ ಮಲಗಿ ಮೊಣಕೈ ದೂರದ ಆ ಮಬ್ಬು ಬಟ್ಟೆಯನ್ನೇ ದಿಟ್ಟಿಸುತ್ತಿದ್ದಳು. ಕಡೆಗೊಂದು ದಿನ ಬೈಯುವುದನ್ನೇ ನಿಲ್ಲಿಸಿದಳು. ಆಗ ನನಗೆ ನಿಜವಾಗಿ ಭಯವಾಯಿತು.

ಸಾಹೇಬರು ಬಂದಾಗ ಕಾಲು ಹಿಡಿಯುವುದೊಂದು ಬಾಕಿ ಇಟ್ಟೆ. ಮುದುಕಿ ಉಳಿಯುವುದಿಲ್ಲ ಸಾರ್, ನಮ್ಮ ಬಾಗಿಲ ಹತ್ತಿರ ಮೊರದಗಲ ಕತ್ತರಿಸಿಕೊಡಿ, ಅವರು ಬರುವ ದಿನ ನಾನೇ ಹೊಲಿದು ಮುಚ್ಚುತ್ತೇನೆ ಅಂದೆ. ಸಾಹೇಬರು ರಸ್ತೆಗಿಳಿದು, ಹಿಂದೆ ಸರಿದು ನಿಂತು, ಚಿತ್ರ ನೋಡಿಕೊಂಡು ಬಂದರು.

“ಅಲ್ಲಿ ಕಿಟಕಿ ಬರೆಸಿದೀವಲ್ಲಮ್ಮ,” ಅಂದರು. “ಕತ್ತರಿಸಿದ್ರೆ ಕಿಟಕಿ ಹಾಳಾಗುತ್ತೆ.”

ಅವರು ತಮಾಷೆ ಮಾಡುತ್ತಿರಲಿಲ್ಲ. ಸುಟ್ಟುಹೋಗಲಿ ಇವರ ಕಿಟಕಿ ಅಂತ ಹೊಟ್ಟೆಯೊಳಗೇ ಶಪಿಸುತ್ತಾ ಬಂದು ಅತ್ತೆಗೆ ಗಾಳಿ ಬೀಸಿದೆ.

ಕಡೆಗೂ ಆ ದಿನ ಬಂತು. ಪರದೆಯ ಆಚೆ ಪೊಲೀಸರು ನಮಗೆ ಬೆನ್ನು ಹಾಕಿ ಸಾಲಾಗಿ ನಿಂತರು. ಯಾರಾದರೂ ತಲೆ ಹೊರಗೆ ಹಾಕಿದರೆ ನಾಳೆ ಈ ಸಾಲೇ ಇರುವುದಿಲ್ಲ ಅಂತ ಸಾಹೇಬರು ಹೇಳಿಹೋದರು. ದೂರದಲ್ಲಿ ಸೈರನ್ ಕೇಳಿಸಿತು. ಅತ್ತೆ ಕಣ್ಣು ತೆರೆದಳು. ಎಡಗೈ ಮೆಲ್ಲಗೆ ಮೇಲೆದ್ದು ಹಗ್ಗದ ತುದಿಯ ಕಡೆಗೆ ಬೆರಳು ಮಾಡಿತು. ನಾನು ಬಿಟ್ಟ ಬಾಲ ಅಲ್ಲಿ ನೇತಾಡುತ್ತಿತ್ತು. ಎಷ್ಟು ದಿನದಿಂದ ನೋಡುತ್ತಿದ್ದಳೋ.

ಮಾಲೀಕ ಹೇಳಿದ ವರ್ಷದ ಕೆಲಸ ಕಣ್ಣೆದುರು ಬಂತು. ಗಂಡನ ಮುಖ ಬಂತು. ಎಳೆಯೋಕೆ ನನಗೆ ಧೈರ್ಯ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಒಂದು ಮಾರು ದಾರ ತಂದು ಆ ಬಾಲಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಅವಳ ಎಡಗೈಗೆ ಕೊಟ್ಟೆ.

ಅತ್ತೆ ಎಳೆದಳು. ಸರ್ರನೆ ಬಂತು. ಅವಳ ಕೈ ಸೋತಾಗ ಪಕ್ಕದ ಮನೆಯವಳು ದಾರಕ್ಕೆ ಕೈ ಹಾಕಿದಳು, ಅವಳಿಂದ ಆಚೆ ಮನೆಯವಳು. ಎಲ್ಲರೂ ಚೀಲದವರೇ, ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಲಾಡಿ ಬಿಚ್ಚಿದ ಲಂಗದ ಹಾಗೆ ಪರದೆ ಈ ತುದಿಯಿಂದ ಆ ತುದಿಗೆ ಕಳಚಿಬಿತ್ತು. ಪೊಲೀಸರು ಹೂವು ಹುಲ್ಲಿನ ಬಟ್ಟೆ ತಲೆ ಮೇಲೆ ಹೊದ್ದು ತಡಕಾಡಿದರು. ಸೋಪು ಹಚ್ಚಿಕೊಂಡು ಮನೆ ಮುಂದಿನ ಬಚ್ಚಲ ಕಲ್ಲಿನ ಮೇಲೆ ನಿಂತಿದ್ದ ಆ ತುದಿ ಮನೆಯ ಬಡಗಿ, ಚೆಂಬು ಹಿಡಿದುಕೊಂಡೇ ದೇಶದ ಅತಿಥಿಗಳನ್ನು ಸ್ವಾಗತಿಸಿದ. ಅತಿಥಿಗಳ ಕಾರುಗಳಿಂದ ಫೋನುಗಳು ಹೊರಗೆ ಬಂದವು. ದೊಡ್ಡವರ ಕಾರಿನಿಂದ ಬೀಸುತ್ತಿದ್ದ ಕೈ ಅರ್ಧಕ್ಕೇ ನಿಂತು ಒಳಗೆ ಹೋಯಿತು, ಗಾಜು ಏರಿತು.

ಗಾಳಿ ಬಂತು. ನಮ್ಮ ಕೋಣೆಯ ಹಿಂದಿನ ಗೋಡೆಯವರೆಗೂ ಬಂತು.

ಸಾಹೇಬರು ಓಡಿ ಬಂದರು. ಒಂದು ಗಂಟೆಯಲ್ಲಿ ದೊಡ್ಡವರು ಇದೇ ದಾರಿಯಲ್ಲಿ ವಾಪಸ್. ಯಾರು ಹರಿದದ್ದು ಅಂತ ಕೂಗಾಡಿದರು. ಬಟ್ಟೆ ಎತ್ತಿ ನೋಡಿದರೆ ಎಲ್ಲೂ ಹರಿದಿಲ್ಲ. ಮಿಷನ್ ಹಿಡಿದು ಬಂದ ಮಾಲೀಕ, ಅತ್ತೆಯ ಮಡಿಲಲ್ಲಿದ್ದ ದಾರದ ಸಿಕ್ಕು ನೋಡಿ ಎಲ್ಲ ಅರ್ಥವಾಗಿ, ಮಿಷನ್ನನ್ನು ನಮ್ಮ ಹೊಸ್ತಿಲ ಮೇಲಿಟ್ಟು ಹಿಂದೆ ಸರಿದ. ಬಾಯಿ ಬಿಟ್ಟರೆ ಅವನ ಹೊಲಿಗೆಯ ಮೇಲೇ ಬರುತ್ತದಲ್ಲ.

“ಅಕ್ಕಂದಿರಾ, ತಾಯಂದಿರಾ, ಬೇಗ ಹೊಲಿದುಕೊಡಿ. ನನ್ನ ಕೆಲಸ ಹೋಗುತ್ತೆ,” ಅಂದರು ಸಾಹೇಬರು.

ಯಾರೂ ಎದ್ದೇಳಲಿಲ್ಲ. ಮಿಷನ್ ನಮ್ಮ ಹೊಸ್ತಿಲ ಮೇಲೇ ಇತ್ತು. ಅತ್ತೆಯ ಬಾಯಿ ಅಲುಗಾಡಿತು. ನೀರಿಗಿರಬೇಕು ಅಂತ ನಾನು ಲೋಟ ಹಿಡಿದು ಬಾಗಿದೆ. ಅವಳು ಲೋಟವನ್ನು ಎಡಗೈಯಲ್ಲಿ ಪಕ್ಕಕ್ಕೆ ತಳ್ಳಿ ಸಾಹೇಬರ ಮುಖ ನೋಡಿದಳು.

“ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ,” ಅಂದಳು.

ಒಂದಕ್ಷರವೂ ಜಾರಲಿಲ್ಲ.