ಹೀದರ್ ಗುಡ್ಡಕ್ಕೆ ಬೆಂಕಿ

ಜನವರಿಯಲ್ಲಿ ಕ್ರಿಸ್ಟಿ ಕೋವಿಡ್‌ನಿಂದ ತೀರಿಕೊಂಡ ಮೇಲೆ ಅವನ ಅಕ್ಕ ನೋರೀನ್, ಈ ವರ್ಷ ಗುಡ್ಡಕ್ಕೆ ಬೆಂಕಿ ಹಾಕುವುದು ಬೇಡವೆಂದು ತೀರ್ಮಾನಿಸಿಬಿಟ್ಟಳು. ವಿಕ್ಲೋ ಬೆಟ್ಟಗಳ ಬುಡದಲ್ಲಿ ಅಕ್ಕ ತಮ್ಮ ಇಬ್ಬರೇ ಕುರಿ ಸಾಕಿಕೊಂಡಿದ್ದವರು. ಗುಡ್ಡದ ಮೇಲಿನ ಹೀದರ್ ಪೊದೆ ಮುದಿಯಾಗಿ ಕಟ್ಟಿಗೆಯಂತೆ ಬಲಿತ ಕಡೆ, ವರ್ಷಕ್ಕೊಂದು ತುಂಡಿನಂತೆ ಸುಡುವುದು ಅವರಪ್ಪನ ಕಾಲದಿಂದ ಬಂದ ಪದ್ಧತಿ. ಸುಟ್ಟಲ್ಲಿ ಎಳೆ ಚಿಗುರು ಬರುತ್ತದೆ, ಹಳೆಯ ಪೊದೆಯ ಕತ್ತಲಲ್ಲಿ ಹುದುಗಿದ್ದ ಸಣ್ಣ ಗಿಡಗಳು ತಲೆಯೆತ್ತುತ್ತವೆ, ಅವನ್ನು ನಂಬಿದ ಹಕ್ಕಿಗಳು ಬರುತ್ತವೆ. ಮಾರ್ಚ್ ಹುಟ್ಟಿದರೆ ಗೂಡು ಕಟ್ಟುವ ಕಾಲ. ಆಮೇಲೆ ಕಡ್ಡಿ ಗೀರುವಂತಿಲ್ಲ, ಅದು ಕಾನೂನು.

ನೋರೀನಳ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದವಳು ರತ್ನಾ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಗಳು. ಮೈಸೂರಿನಲ್ಲಿ ನರ್ಸಿಂಗ್ ಓದಿ, ಕಡಲು ದಾಟಿ, ಹತ್ತಿರದ ನೇಸ್ ಪಟ್ಟಣದ ಆಸ್ಪತ್ರೆಗೆ ಕೆಲಸಕ್ಕೆ ಬಂದಿದ್ದಳು. ಕೊನೆಯ ದಿನಗಳಲ್ಲಿ ಕ್ರಿಸ್ಟಿ ಇದ್ದದ್ದು ಅವಳ ವಾರ್ಡಿನಲ್ಲೇ. ಉಸಿರು ಸಾಲದೆ ತಡೆದು ತಡೆದು ಅವನು ಹೇಳಿದ್ದು ಒಂದೇ ಮಾತು: ಅಕ್ಕನಿಗೆ ಹೇಳು, ಗುಡ್ಡ ಬಿಡಬೇಡ.

ಆ ಮಾತನ್ನು ರತ್ನಾ ಅಂದೇ ತಲುಪಿಸಿದ್ದಳು. ನೋರೀನ್ ಕೇಳಿಸಿಕೊಂಡು ಕುರಿಗಳಿಗೆ ಮೇವು ಹಾಕಲು ಎದ್ದು ಹೋಗಿದ್ದಳು. ಫೆಬ್ರುವರಿ ಮುಗಿಯುತ್ತ ಬಂದಾಗ, ಒಂದು ರಜೆಯ ಬೆಳಿಗ್ಗೆ, ರತ್ನಾಳೇ ಬೆಂಕಿಯ ಮಾತನ್ನು ಮತ್ತೆ ಎತ್ತಿದಳು.

"ನಾವೇ ಹಾಕೋಣ. ನಾನೂ ಬರ್ತೀನಿ."

"ಅದು ಒಲೆ ಬೆಂಕಿ ಅಲ್ಲಮ್ಮ," ಎಂದಳು ನೋರೀನ್.

"ಗೊತ್ತು. ನಮ್ಮ ಕಾಡಲ್ಲೂ ಹಾಕ್ತಿದ್ರು. ನಮ್ಮಜ್ಜಿ ಹಾಕ್ತಿದ್ಲು."

ರತ್ನಾ ತರಗು ಬೆಂಕಿಯ ಕತೆ ಹೇಳಿದಳು. ಬೇಸಿಗೆ ಬಲಿಯುವ ಮೊದಲೇ, ಉದುರಿದ ಎಲೆಗೆ ತಾಕಿಸುವ ಸಣ್ಣ ಬೆಂಕಿ ಅದು. ಮೊಣಕಾಲೆತ್ತರಕ್ಕಿಂತ ಮೇಲೇಳದೆ ನೆಲ ಸವರಿಕೊಂಡು ಹೋಗುತ್ತಿತ್ತು. ಹುಲ್ಲು ಬರುತ್ತಿತ್ತು, ಜಿಂಕೆ ಬರುತ್ತಿತ್ತು, ನೆಲ್ಲಿಮರದ ಮೇಲೆ ರಸ ಹೀರುವ ಬಂದಣಿಕೆ ಹಬ್ಬುತ್ತಿರಲಿಲ್ಲ. ಕಾಡಿಗೆ ಬೆಂಕಿ ಹಾಕಬಾರದೆಂದು ಕಾನೂನು ಬಂದ ಮೇಲೆ ಲಂಟಾನ ಪೊದೆ ಆಳೆತ್ತರ ಬೆಳೆದು ಕಾಲುದಾರಿಗಳೂ ಮುಚ್ಚಿಹೋದವು. ಅಜ್ಜಿಯ ಸೆರಗು ಹಿಡಿದು ರತ್ನಾ ಆ ಬೆಂಕಿಯನ್ನು ನೋಡಿದ್ದು ಒಂದೇ ಸಲ.

ನೋರೀನ್ ಕಿಟಕಿಯಾಚೆ ಗುಡ್ಡವನ್ನೇ ನೋಡುತ್ತಿದ್ದವಳು ಎದ್ದು ಫೋನು ತೆಗೆದುಕೊಂಡಳು. ಅಗ್ನಿಶಾಮಕದವರೂ ಸೇರಿ ಹೇಳಬೇಕಾದವರಿಗೆಲ್ಲ ಹೇಳಿ, ಪಕ್ಕದ ಜಮೀನಿನ ಗಂಡ ಹೆಂಡತಿಯನ್ನೂ ಕರೆದಳು.

ಒಣ ಹವೆಯ ದಿನ ನೋಡಿ ನಾಲ್ವರೂ ಮಾಸ್ಕ್ ಹಾಕಿ, ದೂರ ದೂರ ನಡೆದೇ ಗುಡ್ಡ ಹತ್ತಿದರು. ಸುಡಬೇಕಾದ ತುಂಡಿನ ಸುತ್ತ ಪೊದೆ ಸವರಿ ದಾರಿ ಬಿಡಿಸಿದ್ದರು. ಉದ್ದ ಕೋಲಿನ ತುದಿಗೆ ರಬ್ಬರ್ ಪಟ್ಟಿ ಬಡಿದ ಬಡಿಗೆ ಎಲ್ಲರ ಕೈಯಲ್ಲೂ. ನೋರೀನ್ ಒಣ ಹುಲ್ಲು ಹಾರಿಸಿ ಗಾಳಿ ನೋಡಿದಳು. ಗಾಳಿಗೆದುರಾಗಿ ಬೆಂಕಿ ಇಟ್ಟಳು. ಉರಿ ಚಟಚಟನೆ ಏಳುತ್ತ, ಗಾಳಿ ತಳ್ಳಿದಷ್ಟೂ ತಗ್ಗಿ, ನಿಧಾನವಾಗಿ ತೆವಳಿತು. ಅಂಚು ದಾಟಲು ಹೊರಟ ನಾಲಗೆಗಳನ್ನು ರತ್ನಾ ಬಡಿದು ಬಡಿದು ಆರಿಸಿದಳು.

ಹೊಗೆ ಒಮ್ಮೆ ತಿರುಗಿ ಅವಳನ್ನು ಪೂರ್ತಿ ಮುಚ್ಚಿತು. ಕಣ್ಣು ಉರಿಯಿತು, ಕೆಮ್ಮು ಬಂತು. ವಾಸನೆ ಮಾತ್ರ ಬರಲಿಲ್ಲ. ಹಿಂದಿನ ವರ್ಷ ಕೋವಿಡ್ ತಗುಲಿದಾಗ ಹೋದ ವಾಸನೆ ಮರಳಿರಲೇ ಇಲ್ಲ. ರತ್ನಾ ಮಾಸ್ಕ್ ಕೆಳಗೆಳೆದು ಎದೆ ತುಂಬ ಉಸಿರೆಳೆದಳು. ಏನೂ ಇಲ್ಲ. ತಾನು ಗುಡ್ಡ ಹತ್ತಿದ್ದು ನೋರೀನಳಿಗಾಗಿ ಮಾತ್ರವಲ್ಲ, ಅಜ್ಜಿಯ ಬೆಂಕಿಯ ವಾಸನೆಗಾಗಿಯೂ ಎಂದು ಅವಳಿಗೆ ಆಗ ಗೊತ್ತಾಯಿತು.

"ಹೊಗೆಗೆ ಕಣ್ಣೀರಾ?" ಎಂದು ಕೂಗಿ ಕೇಳಿದಳು ನೋರೀನ್.

"ಹೂಂ, ಹೊಗೆಗೆ."

"ನಂಗೂ," ಎಂದಳು ನೋರೀನ್, ತೋಳಿನಿಂದ ಮುಖ ಒರೆಸಿಕೊಳ್ಳುತ್ತ.

ಬೆಂಕಿ ಆರಿ, ಕೊನೆಯ ಹೊಗೆಗೂ ನೀರು ಸುರಿದ ಮೇಲೆ ರತ್ನಾ ಊರಿಗೆ ಫೋನು ಹಚ್ಚಿದಳು. ಅಜ್ಜಿ ಕೇತಮ್ಮ ಮೊದಲು ಕೇಳಿದ್ದೇ, "ಗಾಳಿ ನೋಡ್ಕಂಡು ಹಾಕುದ್ರಾ ಮಗ?"

"ನೋಡ್ಕಂಡೇ ಹಾಕ್ದೊ. ಅಜ್ಜಿ, ನಂಗೆ ವಾಸ್ನೆ ಗೊತ್ತಾಯ್ತಿಲ್ಲ. ತರಗು ಬೆಂಕಿ ಎಂಗೆ ವಾಸ್ನೆ ಬತ್ತಿತ್ತು, ಹೇಳು."

ಅಜ್ಜಿ ಯೋಚಿಸಿದಳು. "ಮೊದ್ಲು ಹೊಗೆಸೊಪ್ಪು ಒಣಗಾಕ್ದಂಗೆ ಘಾಟು. ಆಮೇಕೆ ಸಂಜೇಲಿ ಮಂಜು ಬಿದ್ಮೇಲೆ, ರಾಗಿ ಹುರಿದಂಗೆ. ಮೈಗೆ ಅಂಟ್ಕಂಡ್ರೆ ಎಲ್ಡು ಮೂರು ದಿನ ಹೋಯ್ತಿರ್ನಿಲ್ಲ." ಆಮೇಲೆ ಮೆಲ್ಲಗೆ ಅಂದಳು, "ನಂಗೂ ಮರ್ತೋಯ್ತು ಅನ್ಕಂಡಿದ್ದೆ."

ಮಳೆ ಬಂತು. ಮೇ ತಿಂಗಳಲ್ಲಿ ಕಪ್ಪು ನೆಲದ ಮೇಲೆ ಹಸಿರಿನ ಚುಕ್ಕಿ ಮೂಡಿತು. ಜೂನ್ ಹೊತ್ತಿಗೆ ಹೀದರ್ ಬುಡಗಳು ಚಿಗುರಿದವು. ನಡುನಡುವೆ ನೋರೀನಳಿಗೂ ಹೆಸರು ಗೊತ್ತಿಲ್ಲದ ಹಳದಿ ಹೂವು. ಕುರಿಗಳು ಬೇರೆಡೆ ಬಿಟ್ಟು ಅಲ್ಲಿಗೇ ನುಗ್ಗಿದವು. "ಗ್ರ್ಯಾಂಡ್," ಎಂದಳು ನೋರೀನ್, ಚೆನ್ನಾಗಾಯಿತು ಎಂಬಂತೆ. ಬೇಲಿಯ ಕಂಬ ಹಿಡಿದು, ತಮ್ಮ ಸತ್ತ ಮೇಲೆ ಮೊದಲ ಬಾರಿಗೆ ಅವನ ಬಗ್ಗೆ ತಾನಾಗಿ ಮಾತಾಡತೊಡಗಿದಳು. ರತ್ನಾ ಕೇಳಿಸಿಕೊಂಡಳು.

ಆ ಮಧ್ಯಾಹ್ನ ಅವಳು ಒಬ್ಬಳೇ ಹತ್ತಿ ವಿಡಿಯೋದಲ್ಲಿ ಅಜ್ಜಿಗೆ ಗುಡ್ಡ ತೋರಿಸಿದಳು. ಊರಿಗೆ ಹೋಗಲು ವಿಮಾನ ಸರಿಯಾಗಿ ಶುರುವಾಗಿರಲಿಲ್ಲ, ರಜೆಯೂ ಇರಲಿಲ್ಲ.

"ಕುರಿ ತಿಂತವಾ?"

"ತಿಂತವೆ ಅಜ್ಜಿ."

"ತಿನ್ಲಿ ಬುಡು. ನಮ್ಮಲ್ಲಿ ಹಿಂಗೆ ನೆಲ ಕಂಡು ಎಸ್ಟು ಕಾಲ ಆಯ್ತು. ಫೋನ್ ಒಸಿ ಬಗ್ಗುಸು. ಇನ್ನೂ ಕೆಳಕ್ಕೆ. ಅಲ್ಲೇ ಇರ್ಲಿ, ಅಲ್ಲಾಡುಸ್ಬೇಡ."

ರತ್ನಾ ಮೊಣಕಾಲೂರಿ ಕೂತು ಫೋನನ್ನು ಚಿಗುರಿನ ಹತ್ತಿರ ಹಿಡಿದಳು. ಅಜ್ಜಿ ಪರದೆಗೆ ಮುಖ ತಂದು ನೋಡುತ್ತಲೇ ಇದ್ದಳು. ತೋಳು ನೋಯತೊಡಗಿದಾಗ ರತ್ನಾ ಕೈ ಬದಲಿಸಿ, ಹಾಗೇ ಹಿಡಿದಿದ್ದಳು.